ಕ್ರೋಕ್ ಪಾರ್ಕಿನ ಹೆಣ್ಣುಮಕ್ಕಳ ಫೈನಲ್‌ಗೆ ಹೋಗಿ ಬನ್ನಿ: ಐರ್ಲೆಂಡಿಗೆ ಹೊಸದಾಗಿ ಬಂದ ಕನ್ನಡಿಗರಿಗೆ

ಐರ್ಲೆಂಡಿಗೆ ಬಂದ ಹೊಸದರಲ್ಲಿ ನಮ್ಮವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಪಿಪಿಎಸ್ ನಂಬರ್ (ನಮ್ಮ ಆಧಾರ್ ತರಹದ್ದು) ಮಾಡಿಸೋದು ಹೇಗೆ, ಬಾಡಿಗೆ ಮನೆ ಎಲ್ಲಿ ಹುಡುಕೋದು, ಸೋನಾಮಸೂರಿ ಯಾವ ಅಂಗಡಿಯಲ್ಲಿ ಸಿಗುತ್ತೆ. ಇದಕ್ಕೆಲ್ಲ ಉತ್ತರ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿರುವುದು ಯಾರೂ ಕೇಳದ ಒಂದು ವಿಷಯ. ಬೇಸಿಗೆಯಲ್ಲಿ, ಜುಲೈ ಕೊನೆಗೋ ಆಗಸ್ಟ್ ಮೊದಲ ಎರಡು ವಾರದಲ್ಲೋ ಒಂದು ಭಾನುವಾರ, ಡಬ್ಲಿನ್ನಿನ ಕ್ರೋಕ್ ಪಾರ್ಕ್ ಸ್ಟೇಡಿಯಮ್ಮಿನಲ್ಲಿ ಮಹಿಳೆಯರ ಗೇಲಿಕ್ ಫುಟ್‌ಬಾಲಿನ (ಕೈ ಕಾಲು ಎರಡರಲ್ಲೂ ಆಡುವ, ಐರ್ಲೆಂಡಿನದೇ ಆಟ) ಆಲ್ ಐರ್ಲೆಂಡ್ ಫೈನಲ್, ಅಂದರೆ ಕೌಂಟಿಗಳ (ಇಲ್ಲಿಯ ಜಿಲ್ಲೆಗಳ) ನಡುವಿನ ಟೂರ್ನಿಯ ಕೊನೆಯ ಪಂದ್ಯ ನಡೆಯುತ್ತದೆ. ಅದಕ್ಕೆ ಮನೆಮಂದಿಯೆಲ್ಲ ಹೋಗಿ. ಈ ದೇಶದ ಜನರನ್ನು ಹತ್ತಿರದಿಂದ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ದಿನ ನನಗೆ ಗೊತ್ತಿಲ್ಲ.

ಹೋಗುವ ಮೊದಲು ಒಂದು ತೀರ್ಮಾನ ಮಾಡಿಕೊಳ್ಳಬೇಕು: ನಿಮ್ಮ ಕೌಂಟಿ ಯಾವುದು? ಇಲ್ಲಿ ಆಟಗಾರರನ್ನು ಯಾರೂ ದುಡ್ಡು ಕೊಟ್ಟು ಕೊಳ್ಳುವುದಿಲ್ಲ. ಊರಿನ ಕ್ಲಬ್ಬಿನಲ್ಲಿ ಆಡಿ ಬೆಳೆದ ಹುಡುಗಿ ಆ ಕೌಂಟಿಯ ಜೆರ್ಸಿ ಹಾಕುತ್ತಾಳೆ. ನೋಡುವವರ ಲೆಕ್ಕವೂ ಹಾಗೇ, ಮನೆ ಎಲ್ಲಿದೆಯೋ ಅದೇ ಕೌಂಟಿ. ಲೂಕನ್‌ನಲ್ಲೋ ಬ್ಲಾಂಚರ್ಡ್ಸ್‌ಟೌನ್‌ನಲ್ಲೋ ಇದ್ದರೆ ನೀವು ಡಬ್ಲಿನ್ನಿನವರು, ಬಣ್ಣ ತಿಳಿನೀಲಿ. ಮನೆ ಕೊಳ್ಳಲು ಡಬ್ಲಿನ್ನಿನ ಬೆಲೆ ಕೈಗೆಟುಕದೆ ನಮ್ಮವರು ಎಷ್ಟೋ ಜನ ಗಡಿ ದಾಟಿ ಮೀತ್ ಕೌಂಟಿಯ ಆ್ಯಶ್‌ಬೋರ್ನ್, ಡನ್‌ಬಾಯ್ನ್, ರಟೋತ್ ಕಡೆ ಹೋಗಿದ್ದಾರೆ. ಅವರ ಮಕ್ಕಳು ಈಗ ಮೀತ್‌ನ ಹಸಿರು–ಬಂಗಾರ ಬಣ್ಣದವರು. 2025ರ ಫೈನಲ್ ಈ ಎರಡು ಕೌಂಟಿಗಳ ನಡುವೆಯೇ ನಡೆದು ಡಬ್ಲಿನ್ ಗೆದ್ದಾಗ, ನಮ್ಮ ಬಳಗದ ಒಂದು ಮನೆಯಲ್ಲಿ ಅಕ್ಕ ನೀಲಿ, ತಂಗಿ ಹಸಿರು. ಅಕ್ಕ ಹುಟ್ಟಿದ್ದು, ಆಟ ಕಲಿತಿದ್ದು ಡಬ್ಲಿನ್ನಿನಲ್ಲಿ. ತಂಗಿ ಬುದ್ಧಿ ಬರುವ ಹೊತ್ತಿಗೆ ಮನೆ ಬದಲಾಗಿತ್ತು. "ನೀನು ಹಾಸನದವಳಲ್ಲವಾ, ನಿನಗ್ಯಾಕೆ ಮೀತ್?" ಅಂತ ಆ ಮಗುವನ್ನು ಇಲ್ಲಿ ಯಾರೂ ಕೇಳಿದ್ದು ನಾನು ನೋಡಿಲ್ಲ. ಜೆರ್ಸಿ ಹಾಕಿಕೊಂಡು ನಿಂತರೆ ಮುಗಿಯಿತು, ಪಕ್ಕದ ಸೀಟಿನ ಅಜ್ಜ ಪಂದ್ಯದ ವಿಷಯ ಮಾತಾಡಲು ಶುರುಮಾಡುತ್ತಾರೆ.

ಕ್ರೋಕ್ ಪಾರ್ಕಿಗೆ ಕಾರಿನಲ್ಲಿ ಹೋಗಬೇಡಿ. ಸುತ್ತಲಿನ ಬೀದಿಗಳಲ್ಲಿ ಪಂದ್ಯದ ದಿನ ಜಾಗ ಇರುವುದಿಲ್ಲ, ಇದ್ದರೂ ಅದು ಅಲ್ಲಿ ವಾಸಿಸುವವರದು. ಡ್ರಮ್‌ಕಾಂಡ್ರ ಸ್ಟೇಷನ್ನಿನಲ್ಲಿ ಇಳಿದು ನಡೆಯಬಹುದು, ಸಿಟಿ ಸೆಂಟರಿನಿಂದಲೂ ಆರಾಮಾಗಿ ನಡೆಯುವಷ್ಟು ದೂರವೇ. ಆ ನಡಿಗೆಯೇ ಅರ್ಧ ಹಬ್ಬ. ರಸ್ತೆಬದಿಯಲ್ಲಿ ಟೋಪಿ, ಬಾವುಟ, ತಲೆಪಟ್ಟಿ ಮಾರುವವರು ಎರಡೂ ಕೌಂಟಿಗಳ ಬಣ್ಣವನ್ನು ಒಂದೇ ಗಾಡಿಯಲ್ಲಿ ಇಟ್ಟುಕೊಂಡು ಕೂಗುತ್ತಿರುತ್ತಾರೆ. ಬಸ್ಸುಗಳಿಂದ ಹನ್ನೆರಡು ವರ್ಷದೊಳಗಿನ ಹುಡುಗಿಯರ ಇಡೀ ತಂಡಗಳೇ ತಮ್ಮ ಕ್ಲಬ್ ಜೆರ್ಸಿಯಲ್ಲಿ ಇಳಿಯುತ್ತವೆ. ದೊಡ್ಡ ಬ್ಯಾಗು ಒಳಗೆ ಬಿಡುವುದಿಲ್ಲ, ಚಿಕ್ಕದನ್ನು ತೆಗೆದುಕೊಂಡು ಹೋಗಿ. ರೇನ್‌ಕೋಟ್ ಮಾತ್ರ ಮರೆಯಬೇಡಿ. 2019ರ ಫೈನಲ್ ದಿನ ಮಳೆ ಹುಯ್ಯುತ್ತಲೇ ಇತ್ತು, ಡಬ್ಲಿನ್ ಮತ್ತು ಗಾಲ್ವೇ ಹುಡುಗಿಯರು ಜಾರುವ ಚೆಂಡಿನ ಜೊತೆ ಗುದ್ದಾಡಿದರು. ಆ ಮಳೆಯಲ್ಲೂ ಕೂತು ನೋಡಿದವರು 56,114 ಜನ. ಈ ಆಟದಲ್ಲಿ ಅದು ದಾಖಲೆ.

ಒಂದೇ ಟಿಕೆಟ್ಟಿಗೆ ಮೂರು ಫೈನಲ್ ನೋಡಬಹುದು: ಮೊದಲು ಜೂನಿಯರ್, ಆಮೇಲೆ ಇಂಟರ್‌ಮೀಡಿಯಟ್, ಕೊನೆಗೆ ಸೀನಿಯರ್. ಇವು ವಯಸ್ಸಿನ ವಿಭಾಗಗಳಲ್ಲ, ಕೌಂಟಿ ತಂಡಗಳ ಬಲಾಬಲದ ದರ್ಜೆಗಳು. ತಡವಾಗಿ ಹೋಗಿ ಬರೀ ಸೀನಿಯರ್ ನೋಡಿಕೊಂಡು ಬರುವವರಿದ್ದಾರೆ. ನಾನಂತೂ ಮೊದಲ ಪಂದ್ಯದಿಂದಲೇ ಕೂರಿ ಎನ್ನುತ್ತೇನೆ. ಮೀತ್ ಹುಡುಗಿಯರ ಕಥೆ ಗೊತ್ತಾದರೆ ಯಾಕೆಂದು ತಿಳಿಯುತ್ತದೆ. 2018ರಲ್ಲಿ ಮತ್ತು 2019ರಲ್ಲಿ ಇಂಟರ್‌ಮೀಡಿಯಟ್ ಫೈನಲ್ ಸೋತರು. 2020ರಲ್ಲಿ ಗೆದ್ದು ಮೇಲಿನ ದರ್ಜೆಗೆ ಬಂದರು. ಮರುವರ್ಷವೇ, 2021ರಲ್ಲಿ, ಸತತ ಐದನೇ ಕಪ್ಪಿಗೆ ಕಾದು ಕೂತಿದ್ದ ಡಬ್ಲಿನ್ನನ್ನು ಸೀನಿಯರ್ ಫೈನಲ್‌ನಲ್ಲಿ ಸೋಲಿಸಿದರು. 2022ರಲ್ಲಿ ಕೆರಿಯನ್ನು ಸೋಲಿಸಿ ಕಪ್ ಉಳಿಸಿಕೊಂಡರು. ಇಂಟರ್‌ಮೀಡಿಯಟ್ ಪಂದ್ಯಕ್ಕೆ ಬೆಳಿಗ್ಗೆಯೇ ಬಂದು ಕೂರುತ್ತಿದ್ದ ಮೀತ್‌ನ ಅಪ್ಪ ಅಮ್ಮಂದಿರಿಗೆ ಆ ಕಪ್ಪಿನ ತೂಕ ಗೊತ್ತಿತ್ತು.

ಆಟದ ನಿಯಮ ಕೂತಲ್ಲೇ ಕಲಿತುಬಿಡಬಹುದು. ಒಂದೊಂದು ಕಡೆ ಹದಿನೈದು ಜನ, ಅರ್ಧ ಗಂಟೆಯ ಎರಡು ಭಾಗ. ಚೆಂಡನ್ನು ಕೈಯಲ್ಲಿ ಹಿಡಿಯಬಹುದು, ಒದೆಯಬಹುದು, ಮುಷ್ಟಿಯಿಂದ ಹೊಡೆದು ದಾಟಿಸಬಹುದು. ಹಿಡಿದುಕೊಂಡೇ ಓಡುವ ಹಾಗಿಲ್ಲ, ನಾಲ್ಕು ಹೆಜ್ಜೆಗೆ ಒಮ್ಮೆ ನೆಲಕ್ಕೆ ಪುಟಿಸಬೇಕು ಅಥವಾ ಕಾಲ್ಬೆರಳಿನಿಂದ ಮೇಲಕ್ಕೆ ಒದ್ದು ಮತ್ತೆ ಕೈಗೆ ತೆಗೆದುಕೊಳ್ಳಬೇಕು. ಗೋಲುಕಂಬದ ಅಡ್ಡಪಟ್ಟಿಯ ಮೇಲಿಂದ ಹೋದರೆ ಒಂದು ಪಾಯಿಂಟ್, ಬಿಳಿ ಬಾವುಟ ಏಳುತ್ತದೆ. ಕೆಳಗಿನ ಬಲೆಗೆ ಬಿದ್ದರೆ ಗೋಲು, ಹಸಿರು ಬಾವುಟ, ಮೂರು ಪಾಯಿಂಟಿಗೆ ಸಮ. ಆದ್ದರಿಂದ ಬೋರ್ಡಿನಲ್ಲಿ 3-14 ಎಂದಿದ್ದರೆ ಮೂರು ಗೋಲು, ಹದಿನಾಲ್ಕು ಪಾಯಿಂಟು, ಒಟ್ಟು 23. ಇದನ್ನು ಮನಸ್ಸಿನಲ್ಲೇ ಕೂಡುವ ಅಭ್ಯಾಸ ಆದರೆ ಪಂದ್ಯದ ಅರ್ಧ ಒತ್ತಡ ನಿಮಗೂ ತಗಲುತ್ತದೆ. ಆಟಗಾರ್ತಿ ಗೋಲಿಗೆ ಹೋಗಲೋ, ಸಿಕ್ಕಿದ ಪಾಯಿಂಟ್ ತೆಗೆದುಕೊಳ್ಳಲೋ ಎಂದು ಒಂದು ಕ್ಷಣ ತಡೆದಾಗ ಸುತ್ತಲಿನವರೆಲ್ಲ "ಟೇಕ್ ಯುವರ್ ಪಾಯಿಂಟ್!" ಎಂದು ಕಿರುಚುವುದು ಆಗಲೇ. ಯೆಲ್ಲೋ ಕಾರ್ಡ್ ಸಿಕ್ಕವಳು ಹತ್ತು ನಿಮಿಷ ಹೊರಗೆ ಕೂರಬೇಕು, ಇವಳ ತಂಡ ಒಬ್ಬರು ಕಮ್ಮಿಯಾಗಿ ಆಡಬೇಕು. ಆ ಹತ್ತು ನಿಮಿಷ ಒಂದು ಕಡೆಯವರು ಉಗುರು ಕಚ್ಚುತ್ತಾರೆ. ಬೋರ್ಡಿನ ಗಡಿಯಾರ ಹಿಂದಕ್ಕೆ ಓಡಿ ಸೊನ್ನೆಗೆ ಬಂದಾಗ ಹೂಟರ್ ಊದುತ್ತದೆ.

ಆ ಗಡಿಯಾರವನ್ನು ನೋಡುವ ಜನರನ್ನು ನೋಡಬೇಕು. 2014ರಲ್ಲಿ ಕಾರ್ಕ್ ತಂಡ ಕೊನೆಯ ಕಾಲು ಗಂಟೆ ಉಳಿದಿದ್ದಾಗ ಡಬ್ಲಿನ್ನಿಗಿಂತ ಹತ್ತು ಪಾಯಿಂಟ್ ಹಿಂದಿತ್ತು, ಕೊನೆಗೆ ಒಂದು ಪಾಯಿಂಟಿನಲ್ಲಿ ಗೆದ್ದಿತು. ಅದನ್ನು ಇಲ್ಲಿಯವರು ಯಾರೂ ಮರೆತಿಲ್ಲ, ಹಾಗಾಗಿ ಎಷ್ಟೇ ಮುಂದಿದ್ದರೂ ಹೂಟರ್ ಊದುವ ತನಕ ಯಾರೂ ಗೆದ್ದೆವು ಎನ್ನುವುದಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದಿರುವುದು 2024ರ ಫೈನಲ್, ಕೆರಿ ಮತ್ತು ಗಾಲ್ವೇ. ಕೆರಿ ಈ ಆಟದ ಹಳೆಯ ಹುಲಿ. 1982ರಿಂದ 1990ರ ತನಕ ಸತತ ಒಂಬತ್ತು ಕಪ್ ಗೆದ್ದ ಕೌಂಟಿ. ಆದರೆ 1993ರ ನಂತರ ಒಂದೂ ಇಲ್ಲ. 2022ರಲ್ಲಿ ಮೀತ್ ಎದುರು, 2023ರಲ್ಲಿ ಡಬ್ಲಿನ್ ಎದುರು ಫೈನಲ್ಲಿಗೆ ಬಂದು ಸೋತಿದ್ದರು. ತಂಡದ ದೊಡ್ಡ ಹೆಸರು ಲೂಯಿಸ್ ನೀ ವಿರ್‌ಹರ್ಟಿ 2012ರ ಫೈನಲ್ಲನ್ನೂ ಸೋತಿದ್ದವರು. "ಈ ಸಲ ಕಪ್ ನಮ್ದೇ" ಎಂದು ವರ್ಷ ವರ್ಷ ಹೇಳಿ, ಅದೇ 2024ರ ಮಾರ್ಚಿನಲ್ಲಿ ನಮ್ಮ ಆರ್‌ಸಿಬಿ ಹುಡುಗಿಯರು ಕೊನೆಗೂ ಕಪ್ ಎತ್ತಿದಾಗ ಅತ್ತವರಿಗೆ ಕೆರಿಯವರ ಸಂಕಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಪಕ್ಕದಲ್ಲಿ ಕೆರಿಯ ಇಬ್ಬರು ಅಕ್ಕತಂಗಿಯರು, ಇಬ್ಬರಿಗೂ ಅರವತ್ತು ದಾಟಿರಬೇಕು. ಮೊದಲರ್ಧದಲ್ಲಿ ನಮ್ಮ ಜೊತೆ ಸ್ಯಾಂಡ್‌ವಿಚ್ ಹಂಚಿಕೊಂಡು, ಯಾರು ಯಾವ ಊರಿನ ಹುಡುಗಿ, ಯಾರ ಅಮ್ಮ ಹಿಂದೆ ಆಡಿದ್ದರು ಅಂತೆಲ್ಲ ಹೇಳುತ್ತಿದ್ದರು. ಕೆರಿ ಮುಂದೆ ಹೋಗುತ್ತಾ ಹೋದ ಹಾಗೆ ಅವರ ಮಾತು ನಿಂತುಹೋಯಿತು. ತಂಗಿ ಅಕ್ಕನ ಮಣಿಕಟ್ಟು ಹಿಡಿದುಕೊಂಡಿದ್ದವರು ಬಿಡಲೇ ಇಲ್ಲ. ಗೋಲು ಬಿದ್ದಾಗಲೂ ಇಡೀ ಸಾಲು ಎದ್ದು ಕೂಗುತ್ತಿದ್ದರೆ ಇವರ ಕಣ್ಣು ಗಡಿಯಾರದ ಮೇಲೆ. ಹೂಟರ್ ಊದಿತು, 3-14ಕ್ಕೆ 0-13. ಎಲ್ಲರೂ ಎದ್ದು ಕುಣಿಯುವಾಗ ಇವರಿಬ್ಬರು ಕೂತುಬಿಟ್ಟರು. ಅಕ್ಕ ಹೇಳಿದ್ದು ಒಂದೇ ಮಾತು, "ಥರ್ಟಿ ಒನ್ ಇಯರ್ಸ್." ನನ್ನ ಮಗಳು ಬಾಟಲಿಯಿಂದ ನೀರು ಕೊಟ್ಟಳು.

ಹಿಂದಿನ ಸಾಲಿನಲ್ಲಿ ಗಾಲ್ವೇಯ ಒಬ್ಬ ಅಪ್ಪ, ಜೊತೆಗೆ ಏಳೆಂಟು ವರ್ಷದ ಮಗಳು. ಅವಳು ಅಳುತ್ತಾ ಮನೆಗೆ ಹೋಗೋಣ ಎನ್ನುತ್ತಿದ್ದಳು. ಅವರು ಎದ್ದೇಳಲಿಲ್ಲ. ಕಪ್ ಕೊಟ್ಟು ಭಾಷಣ ಮುಗಿಯುವ ತನಕ ಇದ್ದು ಚಪ್ಪಾಳೆ ತಟ್ಟಿ ಹೋಗಬೇಕು ಅಂತ ಮೆಲ್ಲಗೆ ಹೇಳಿದರು. ಎರಡೂ ಕಡೆಯವರು ಹೀಗೆ ಒಂದೇ ಸಾಲಿನಲ್ಲಿ ಬೆರೆತು ಕೂರುವುದು ಇಲ್ಲಿಯ ಪದ್ಧತಿ, ನಡುವೆ ಬೇಲಿ ಇಲ್ಲ, ಬೇರೆ ಬೇರೆ ಗೇಟಿಲ್ಲ. ನಿಮ್ಮ ತಂಡ ಗೆದ್ದರೆ ಮೊದಲು ಪಕ್ಕದಲ್ಲಿ ಸೋತವರ ಕೈಕುಲುಕಿ "ಹಾರ್ಡ್ ಲಕ್" ಅನ್ನಿ, ಆಮೇಲೆ ಕುಣಿಯಿರಿ. ಗೆದ್ದ ನಾಯಕಿ ಕಪ್ ಹಿಡಿದು ಐರಿಷ್ ಭಾಷೆಯಲ್ಲಿ ಮಾತು ಶುರುಮಾಡಿ, ಎದುರಾಳಿಗಳ ಹೆಸರಿನಲ್ಲಿ ಮೂರು ಸಲ ಜೈಕಾರ ಹಾಕಿಸುತ್ತಾಳೆ. ಅದರಲ್ಲಿ ನೀವೂ ದನಿಗೂಡಿಸಿ.

ಆ ಕಪ್ಪಿಗೆ ಬ್ರೆಂಡನ್ ಮಾರ್ಟಿನ್ ಹೆಸರಿದೆ, ಮಹಿಳೆಯರ ಸಂಘ ಕಟ್ಟಿದವರಲ್ಲಿ ಅವರೊಬ್ಬರು, ಆಫಲಿ ಕೌಂಟಿಯವರು. ಸಂಘ ಹುಟ್ಟಿದ್ದು 1974ರಲ್ಲಿ, ಥರ್ಲೆಸ್‌ನ ಹೇಯ್ಸ್ ಹೋಟೆಲಿನಲ್ಲಿ. ಗಂಡಸರ ಗೇಲಿಕ್ ಸಂಘ 1884ರಲ್ಲಿ ಅದೇ ಹೋಟೆಲಿನಲ್ಲಿ ಹುಟ್ಟಿತ್ತು. ನಡುವೆ ತೊಂಬತ್ತು ವರ್ಷ. ಈ ಅಂತರ ಇನ್ನೂ ಪೂರ್ತಿ ಮುಚ್ಚಿಲ್ಲ. 2023ರಲ್ಲಿ ವೈದ್ಯಕೀಯ ನೆರವು, ಪ್ರಯಾಣದ ಖರ್ಚು, ಮೈದಾನ ಇವಕ್ಕೆಲ್ಲ ಒಂದು ಲಿಖಿತ ವ್ಯವಸ್ಥೆ ಬೇಕೆಂದು ಕೌಂಟಿ ನಾಯಕಿಯರು ಒಟ್ಟಾಗಿ ಕೇಳಿ, ಪ್ರತಿಭಟನೆಯ ನಡುವೆಯೇ ಆ ವರ್ಷ ಆಡಿದರು. ಅವರು ಕೇಳಿದ್ದು ನ್ಯಾಯವಾದದ್ದು. ಸ್ಟೇಡಿಯಮ್ಮಿನಲ್ಲಿ ಒಂದು ಸೀಟು ಹೆಚ್ಚು ತುಂಬಿದರೂ ಅವರ ಮಾತಿಗೆ ಬಲ ಬರುತ್ತದೆ ಎನ್ನುವುದೂ ನಿಮ್ಮನ್ನು ಹೋಗಿ ಎನ್ನುವುದಕ್ಕೆ ಒಂದು ಕಾರಣ.

ಬೇಸಿಗೆಗೆ ಊರಿಂದ ಅಪ್ಪ ಅಮ್ಮನೋ ಅತ್ತೆ ಮಾವನೋ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ನಮ್ಮತ್ತೆ ಕ್ರೋಕ್ ಪಾರ್ಕಿನಲ್ಲಿ ಕೂತು ಮೊದಲು ಕೇಳಿದ್ದು, "ಈ ಹುಡುಗೀರಿಗೆ ಸಂಬಳ ಎಷ್ಟೇ?" ಸಂಬಳ ಇಲ್ಲ ಅತ್ತೆ, ಇವರಲ್ಲಿ ನರ್ಸ್ ಇದ್ದಾರೆ, ಟೀಚರ್ ಇದ್ದಾರೆ, ಓದುವವರಿದ್ದಾರೆ, ನಾಳೆ ನಾಡಿದ್ದು ಕೆಲಸಕ್ಕೆ ಹೋಗ್ತಾರೆ ಅಂದೆ. ಅವರು ಸ್ವಲ್ಪ ಹೊತ್ತು ಮೈದಾನ ನೋಡಿ, "ಹಂಗಾದ್ರೆ ಚಪ್ಪಾಳೆನಾದ್ರೂ ಜೋರಾಗಿ ಹೊಡೀರೇ" ಅಂದರು. ಆಮೇಲೆ ಎರಡೂ ತಂಡಕ್ಕೂ ಚಪ್ಪಾಳೆ ತಟ್ಟುತ್ತಲೇ ಇದ್ದರು.

ಪಂದ್ಯ ಮುಗಿದ ಕೂಡಲೇ ಬಾಗಿಲ ಕಡೆ ಓಡಬೇಡಿ. ಆಟಗಾರ್ತಿಯರು ಮೈದಾನದ ಅಂಚಿಗೆ ಬಂದು ಮಕ್ಕಳ ಜೆರ್ಸಿಗೆ ಸಹಿ ಹಾಕುತ್ತಾರೆ, ಒಂದು ಮಾರ್ಕರ್ ಪೆನ್ ಜೇಬಿನಲ್ಲಿರಲಿ. ಟಿಕೆಟ್ ಸಿಗದಿದ್ದರೆ ಟಿಜಿ4 ಚಾನೆಲ್ಲಿನಲ್ಲಿ ನೋಡಿ. ವಿವರಣೆ ಐರಿಷ್ ಭಾಷೆಯಲ್ಲಿರುತ್ತದೆ, ಆದರೂ ಆಟ ಗೊತ್ತಾಗುತ್ತದೆ. ಸೋಮವಾರ ಆಫೀಸಿನಲ್ಲಿ ಮಾತು ಬಂದಾಗ ನಾನೂ ಹೋಗಿದ್ದೆ ಅನ್ನಿ. ಎಷ್ಟೋ ತಿಂಗಳಿಂದ ಬರೀ ಹವಾಮಾನ ಮಾತಾಡುತ್ತಿದ್ದ ಸಹೋದ್ಯೋಗಿ ತನ್ನ ತಂಗಿ ಯಾವ ಕ್ಲಬ್ಬಿಗೆ ಆಡುತ್ತಿದ್ದಳು ಎಂದು ಹೇಳಲು ಕುರ್ಚಿ ಎಳೆದುಕೊಂಡು ಬರಬಹುದು.

ಮಗಳು ಮನೆಗೆ ಬಂದು ನಾನೂ ಆಡಬೇಕು ಅಂದರೆ ಹತ್ತಿರದ ಕ್ಲಬ್ಬಿಗೆ ಹೋಗಿ ವಿಚಾರಿಸಿ. ಚಿಕ್ಕ ಮಕ್ಕಳಿಗೆ ಕ್ಲಬ್ಬಿನಲ್ಲೇ ಆಟ ಹೇಳಿಕೊಡುತ್ತಾರೆ, ಬೇಸಿಗೆ ರಜೆಯಲ್ಲಿ ಕೂಲ್ ಕ್ಯಾಂಪ್ ಎಂಬ ಮಕ್ಕಳ ಆಟದ ಶಿಬಿರಗಳಿರುತ್ತವೆ. ಹಲ್ಲಿಗೆ ಗಮ್‌ಶೀಲ್ಡ್ ಕಡ್ಡಾಯ. ಓಲೆ, ಬಳೆ, ಸರ ತೆಗೆದಿಟ್ಟು ಕಳಿಸಿ. ಕಿವಿ ಚುಚ್ಚಿಸುವುದಿದ್ದರೆ ಆಟದ ಸೀಸನ್ ಮುಗಿದ ಮೇಲೆ ಚುಚ್ಚಿಸಿ, ಇಲ್ಲದಿದ್ದರೆ ಗಾಯ ಆರುವ ತನಕ ಓಲೆ ತೆಗೆಯಲೂ ಆಗದೆ ಆಡಲೂ ಆಗದೆ ಮಗು ಗೆರೆಯಾಚೆ ನಿಲ್ಲಬೇಕಾಗುತ್ತದೆ. ಅಮ್ಮಂದಿರಿಗೆ ಅಂತಲೇ 'ಗೇಲಿಕ್ ಫಾರ್ ಮದರ್ಸ್ ಅಂಡ್ ಅದರ್ಸ್' ಎಂಬ ಕಾರ್ಯಕ್ರಮವನ್ನು ಅನೇಕ ಕ್ಲಬ್ಬುಗಳು ನಡೆಸುತ್ತವೆ. ಜನ್ಮದಲ್ಲಿ ಚೆಂಡು ಮುಟ್ಟದವರೂ ಸೇರಬಹುದು, ಕಪ್ಪಿನ ಪೈಪೋಟಿ ಇಲ್ಲ, ಸಂಜೆ ಒಂದು ಗಂಟೆ ಆಡಿ ಆಮೇಲೆ ಟೀ ಕುಡಿದು ಮಾತಾಡಿ ಬರುವುದು. ಗಂಡ ಆಫೀಸಿಗೆ, ಮಕ್ಕಳು ಶಾಲೆಗೆ ಹೋದಮೇಲೆ ಇಡೀ ದಿನ ಮಾತಿಗೆ ಜನ ಇಲ್ಲ ಎಂದು ಕೊರಗುವ ನಮ್ಮ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವುದೇ ಇದನ್ನು. ಮೊದಲ ದಿನಕ್ಕೆ ಬೂಟು ಕೊಳ್ಳಬೇಕಾಗಿಲ್ಲ, ಮನೆಯಲ್ಲಿರುವ ರನ್ನಿಂಗ್ ಶೂ ಸಾಕು.