ಕ್ಯಾಸೆಟ್ ಉಳಿಯಿತು, ಡಬ್ಬಿ ಹೋಯಿತು

ಹಳೆಯ ವಿಡಿಯೊ ಗೇಮ್ ಕೂಡಿಡುವವರಿಗೆ ಬೆಂಗಳೂರಿನಂಥ ಊರಿಲ್ಲ ಎಂದು ಚೆನ್ನೈ, ಮುಂಬೈಯ ಗೆಳೆಯರು ಹೇಳುತ್ತಿರುತ್ತಾರೆ. ಕಡಲಿನ ಉಪ್ಪುಗಾಳಿ ಇಲ್ಲ, ಪ್ಲಾಸ್ಟಿಕ್ ಬೆಂಡಾಗುವಂಥ ಸೆಕೆ ಇಲ್ಲ. ಅದು ನಿಜವೇ. ಆದರೆ ಸೆಪ್ಟೆಂಬರ್, ಅಕ್ಟೋಬರ್ ಮಳೆಯಲ್ಲಿ ಹಳೆಯ ಬಡಾವಣೆಗಳ ಬಾಡಿಗೆ ಮನೆಯ ಗೋಡೆ ಎಷ್ಟು ನೀರು ಕುಡಿಯುತ್ತದೆ ಎಂಬುದು ಇಲ್ಲಿ ಇದ್ದವರಿಗೇ ಗೊತ್ತು. ನನ್ನ ಸಂಗ್ರಹಕ್ಕೆ ಬಿದ್ದ ದೊಡ್ಡ ಪೆಟ್ಟು ಬಂದದ್ದು ಅಲ್ಲಿಂದಲೇ.

ಆಗ ನಾವು ಹನುಮಂತನಗರದಲ್ಲಿದ್ದೆವು. ಆಟದ ಡಬ್ಬಿಗಳಿಗೆ ಅಟ್ಟ ಬಿಟ್ಟರೆ ಬೇರೆ ಜಾಗ ಇರಲಿಲ್ಲ. ಮೇಲಿನ ಮಹಡಿಯ ಬಚ್ಚಲಿನ ಪೈಪ್ ಗೋಡೆಯೊಳಗೇ ಸೀಳಿತ್ತು. ಅದರ ಜೊತೆಗೆ ಬಿಡದೆ ಸುರಿದ ಮಳೆ. ನೀರು ಸುರಿಯಲಿಲ್ಲ, ಜಿನುಗಿತು, ಆದ್ದರಿಂದಲೇ ಯಾರ ಕಣ್ಣಿಗೂ ಬೀಳಲಿಲ್ಲ. ಬೂಷ್ಟಿನ ವಾಸನೆ ಬಂದ ಮೇಲೆ ಏಣಿ ಹಾಕಿ ನೋಡಿದರೆ ಗೋಡೆಗೆ ಒತ್ತಿಕೊಂಡಿದ್ದ ಸಾಲು ಪೂರ್ತಿ ನೆಂದು ಕುಸಿದಿತ್ತು.

ಆಟವನ್ನು ಒಳಗಿಟ್ಟುಕೊಂಡ, ಯಂತ್ರಕ್ಕೆ ಸಿಕ್ಕಿಸುವ ಕ್ಯಾಸೆಟ್‌ಗಳಿಗೆ ಏನೂ ಆಗಲಿಲ್ಲ. ಸ್ಕ್ರೂ ಬಿಚ್ಚಿ, ಒಳಗಿನ ಬೋರ್ಡನ್ನು ಎಸ್.ಪಿ. ರಸ್ತೆಯಿಂದ ತಂದ ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆದು, ಫ್ಯಾನಿನ ಕೆಳಗೆ ಒಣಗಿಸಿದೆ. ಪಾಚಿಗಟ್ಟಿದಂತಿದ್ದ ಪಿನ್ನುಗಳನ್ನು ಬಿಳಿ ರಬ್ಬರಿನಿಂದ ಉಜ್ಜಿದೆ. ಒಂದೊಂದಾಗಿ ಎಲ್ಲವೂ ಓಡಿದವು. ಹೋದದ್ದು ಕಾಗದ. ಆಟದ ಕೈಪಿಡಿಗಳನ್ನು ಹೊಳಪು ಕಾಗದದಲ್ಲಿ ಅಚ್ಚು ಹಾಕುತ್ತಾರೆ. ಆ ಹೊಳಪು ಜೇಡಿಯಂಥ ನುಣುಪು ಪುಡಿಯ ಲೇಪದಿಂದ ಬಂದದ್ದು. ನೆಂದಾಗ ಲೇಪ ಕರಗಿ ಅಂಟಾಗುತ್ತದೆ, ಒಣಗಿತೆಂದರೆ ಮೂವತ್ತು ಪುಟದ ಪುಸ್ತಕ ಒಂದೇ ಹಲಗೆಯಾಗುತ್ತದೆ. ಆಮೇಲೆ ಬಿಡಿಸಹೋದರೆ ಅಕ್ಷರ ಎದುರು ಪುಟಕ್ಕೆ ಕಿತ್ತುಕೊಂಡು ಹೋಗುತ್ತದೆ.

ಇನ್ನೂ ಒದ್ದೆಯಾಗಿದ್ದವನ್ನು ಉಳಿಸಲು ಒಂದು ದಾರಿ ಇದೆ. ಗ್ರಂಥಾಲಯದವರು ನೆರೆಯಲ್ಲಿ ನೆಂದ ಪುಸ್ತಕಗಳಿಗೆ ಮಾಡುವುದನ್ನೇ ನಾನೂ ಮಾಡಿದೆ: ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿಗೆ ಇಡುವುದು. ಹೆಪ್ಪುಗಟ್ಟಿದ ಕಾಗದದಲ್ಲಿ ಬೂಷ್ಟು ಬೆಳೆಯುವುದಿಲ್ಲ, ಪುಟಗಳು ಒಣಗಿ ಅಂಟುವುದೂ ಇಲ್ಲ. ಕೆಲಸಕ್ಕೆ ಸಮಯ ಸಿಗುತ್ತದೆ. ಅಮ್ಮ ಬಟಾಣಿ, ತೆಂಗಿನತುರಿಯ ಡಬ್ಬಿಗಳನ್ನು ಕೆಳಗಿಳಿಸಿ ಜಾಗ ಮಾಡಿಕೊಟ್ಟರು. ದಿನಕ್ಕೊಂದು ಪುಸ್ತಕ ಹೊರಗೆ ತೆಗೆದು, ಕರಗುತ್ತಿದ್ದಂತೆ ಹಾಳೆ ಹಾಳೆ ಬಿಡಿಸಿ, ನಡುನಡುವೆ ಬಿಳಿ ಕಾಗದ ಇಟ್ಟು, ಸುಕ್ಕಾಗದಂತೆ ಭಾರ ಹೇರಿ ಒಣಗಿಸಿದೆ. ಅರ್ಧದಷ್ಟು ಓದಲು ಬರುವಂತೆ ಉಳಿದವು. ಉಳಿದರ್ಧ ಹೋಯಿತು.

ಆಟ ಉಳಿಯಿತಲ್ಲ, ಕಾಗದಕ್ಕೆ ಯಾಕಿಷ್ಟು ಸಂಕಟ ಎಂದು ಹಲವರು ಕೇಳಿದ್ದಾರೆ. ನನಗೆ ಕಾಗದವೇ ಮುಖ್ಯ. 1985ರಲ್ಲಿ ಬಂದ ‘ಸೂಪರ್ ಮಾರಿಯೊ ಬ್ರದರ್ಸ್’ ಪ್ರಪಂಚದ ಯಾವ ಮೂಲೆಯಲ್ಲಿ ಹುಡುಕಿದರೂ ಸಿಗುತ್ತದೆ. ಆದರೆ ತೊಂಬತ್ತರ ದಶಕದಲ್ಲಿ ನಮ್ಮ ಮನೆಗಳಿಗೆ ಬಂದದ್ದು ಆ ಆಟ ಮಾಡಿದ ಜಪಾನಿನ ನಿಂಟೆಂಡೊ ಕಂಪನಿಯ ಮೂಲ ಯಂತ್ರವಲ್ಲ. 1983ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಅದರ ಫ್ಯಾಮಿಕಾಮ್ ಯಂತ್ರದ ನಕಲುಗಳು ಮೀಡಿಯಾ, ಲಿಟಲ್ ಮಾಸ್ಟರ್ ಮುಂತಾದ ಹೆಸರು ಹೊತ್ತು ಬಂದವು. ಅವುಗಳ ಡಬ್ಬಿಯ ಮೇಲೆ ರೂಪಾಯಿಯಲ್ಲಿ ಬೆಲೆ ಇರುತ್ತಿತ್ತು, ವಾರಂಟಿ ಚೀಟಿಯ ಮೇಲೆ ಗಾಂಧಿನಗರದ್ದೋ ಚಿಕ್ಕಪೇಟೆಯದೋ ಅಂಗಡಿಯ ರಬ್ಬರ್ ಮೊಹರು ಇರುತ್ತಿತ್ತು. ಜಪಾನಿನ ಆಟಗಳ ಇತಿಹಾಸವನ್ನು ಜಪಾನಿನವರು ಕಾಪಾಡಿಕೊಳ್ಳುತ್ತಾರೆ. ಈ ಮೊಹರಿನ ಚೀಟಿಯನ್ನು ನಾವು ಇಟ್ಟುಕೊಳ್ಳದಿದ್ದರೆ ಇನ್ನಾರೂ ಇಟ್ಟುಕೊಳ್ಳುವುದಿಲ್ಲ. ನಾನು ಸಂಗ್ರಹಕ್ಕೆ ಇಳಿದದ್ದೇ ಇದಕ್ಕಾಗಿ, ಮತ್ತು ಆ ಸಾಲಿನಲ್ಲಿ ಕೊಳೆತದ್ದು ಬಹುಪಾಲು ಇಂಥವೇ.

ಆ ನಕಲು ಯಂತ್ರಗಳದು ಇನ್ನೊಂದು ನಷ್ಟ. ಮೂಲ ಯಂತ್ರದಲ್ಲಿ ಚಿಪ್‌ಗಳು ಬಿಡಿಬಿಡಿಯಾಗಿರುತ್ತವೆ, ಕೆಟ್ಟದ್ದನ್ನು ತೆಗೆದು ಬೇರೆ ಹಾಕಬಹುದು. ಅಗ್ಗದ ನಕಲುಗಳಲ್ಲಿ ಎಲ್ಲವನ್ನೂ ಒಂದೇ ಚಿಪ್‌ಗೆ ಇಳಿಸಿ ಮೇಲೆ ಕಪ್ಪು ಎಪಾಕ್ಸಿ ಅಂಟಿನ ಬೊಟ್ಟು ಸುರಿದಿರುತ್ತಾರೆ. ಅದರೊಳಗೆ ಕೆಟ್ಟರೆ ಕೈ ಹಾಕುವಂತಿಲ್ಲ. ನನ್ನಲ್ಲಿ ಹೀಗೆ ಸತ್ತ ಯಂತ್ರಗಳು ಕೆಲವಿವೆ. ಅವುಗಳ ಹೊರಮೈಯನ್ನು ಎಸೆದಿಲ್ಲ.

ಡಿಸ್ಕ್‌ಗಳ ಕಥೆ ಬೇರೆ. ಸಿ.ಡಿ.ಯ ಹೊಳೆಯುವ ಅಡಿಭಾಗವನ್ನು ಎಲ್ಲರೂ ಜೋಪಾನ ಮಾಡುತ್ತಾರೆ, ಆದರೆ ಸಿ.ಡಿ.ಯ ಜೀವ ಇರುವುದು ಹೆಸರು ಅಚ್ಚಾದ ಮೇಲ್ಭಾಗದಲ್ಲಿ. ಅಲ್ಯೂಮಿನಿಯಂ ಪದರಕ್ಕೂ ನಮ್ಮ ಬೆರಳಿಗೂ ನಡುವೆ ಇರುವುದು ತೆಳ್ಳನೆಯ ವಾರ್ನಿಷ್ ಮತ್ತು ಬಣ್ಣ, ಅಷ್ಟೆ. ಅಡಿಯ ಗೀರನ್ನು ಪಾಲಿಷ್ ಮಾಡಬಹುದು, ಮೇಲಿನದಕ್ಕೆ ಮದ್ದಿಲ್ಲ. ಡಿ.ವಿ.ಡಿ.ಯಲ್ಲಿ ಮಾಹಿತಿಯ ಪದರ ಎರಡು ಬಿಲ್ಲೆಗಳ ನಡುವೆ ಇರುವುದರಿಂದ ಅದು ವಾಸಿ. ಒಮ್ಮೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಭಾನುವಾರದ ಸಂತೆಯಲ್ಲಿ ಮೊದಲ ಪ್ಲೇಸ್ಟೇಷನ್ನಿನ ಅಸಲಿ ಡಿಸ್ಕ್ ಒಂದು ಸಿಕ್ಕಿತು. ಅಡಿ ಕಪ್ಪು, ಒಂದು ಗೀರೂ ಇಲ್ಲ. ಮೇಲೆ ಯಾವುದೋ ಬಾಡಿಗೆ ಲೈಬ್ರರಿಯ ನಂಬರಿನ ಚೀಟಿ ಅಂಟಿತ್ತು. ದುಡ್ಡು ಕೊಟ್ಟೆ. “ತಡೆಯಿರಿ ಸಾರ್, ಚೊಕ್ಕಟ ಮಾಡಿ ಕೊಡುತ್ತೇನೆ” ಎಂದು ಮಾರುವವರು ನಾನು ಬೇಡವೆನ್ನುವಷ್ಟರಲ್ಲಿ ಉಗುರಿನಿಂದ ಚೀಟಿಯ ತುದಿ ಎತ್ತಿ ಒಂದೇ ಎಳೆತಕ್ಕೆ ಕಿತ್ತರು. ಚೀಟಿಯ ಹಿಂದೆ ಬೆಳ್ಳಿಯ ತಗಡಿನಂತೆ ಅಲ್ಯೂಮಿನಿಯಂ ಅಂಟಿಕೊಂಡು ಬಂತು. ಡಿಸ್ಕನ್ನು ಆಕಾಶಕ್ಕೆ ಹಿಡಿದರೆ ಚೌಕಾಕಾರದ ಕಿಟಕಿ. ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದು. ದುಡ್ಡು ವಾಪಸ್ ಕೊಡಲು ಬಂದರೂ ನನಗೆ ತೆಗೆದುಕೊಳ್ಳಲು ಮನಸ್ಸಾಗಲಿಲ್ಲ.

ಪ್ಲೇಸ್ಟೇಷನ್ 2 ವಿಷಯದಲ್ಲಿ ನಾನು ಬೆನ್ನು ಹತ್ತಿದ್ದು ನಮ್ಮ ದೇಶದ ಆಟಗಳನ್ನು. ಆ ಯಂತ್ರ 2000ದಲ್ಲಿ ಜಪಾನಿನಲ್ಲಿ ಬಂದದ್ದು, ನಮ್ಮಲ್ಲಿ ಅದಕ್ಕೆ ಆಯುಸ್ಸು ಹೆಚ್ಚು. 2009ರಲ್ಲಿ ಹೈದರಾಬಾದಿನಲ್ಲಿ ತಯಾರಾದ ‘ಹನುಮಾನ್: ಬಾಯ್ ವಾರಿಯರ್’ ಬಂತು, ಅದೇ ವರ್ಷ ‘ದೇಸಿ ಅಡ್ಡಾ’, 2010ರಲ್ಲಿ ‘ಸ್ಟ್ರೀಟ್ ಕ್ರಿಕೆಟ್ ಚಾಂಪಿಯನ್ಸ್’, 2013ರಲ್ಲಿ ‘ಡಾನ್ 2’. ಇವು ಆಟವಾಗಿ ಅಂಥ ಮೇಲ್ಮಟ್ಟದವಲ್ಲ, ಹನುಮಾನ್ ಆಟಕ್ಕೆ ಬಂದ ವಿಮರ್ಶೆಗಳು ಖಾರವಾಗಿಯೇ ಇದ್ದವು. ಆದರೂ ನಮ್ಮ ಹುಡುಗರು ಆ ಕಷ್ಟದ ಯಂತ್ರವನ್ನು ಕಲಿತು ಬರೆದ ಮೊದಲ ಕೆಲಸಗಳು ಇವು. ಅಂದಿನ ದಿನಗಳಲ್ಲಿ ಇಲ್ಲಿಯ ಯಂತ್ರಗಳಿಗೆ ನಕಲಿ ಡಿಸ್ಕ್ ಓಡಿಸುವ ಚಿಪ್ ಹಾಕಿಸುವುದು ಮಾಮೂಲಾಗಿತ್ತು. ನಕಲಿ ಡಿಸ್ಕ್ ನೂರು ನೂರೈವತ್ತಕ್ಕೆ ಸಿಗುವಾಗ ಅಸಲಿ ಕೊಳ್ಳುವವರು ಕಡಿಮೆ. ಮಾರಾಟವಾಗದೆ ಉಳಿದದ್ದು ಅಂಗಡಿ ಮುಚ್ಚಿದಾಗ ಗುಜರಿಗೆ ಹೋಯಿತು.

ಹನುಮಾನ್ ಡಬ್ಬಿ ಕೊನೆಗೂ ಸಿಕ್ಕಿದ ದಿನ ಬಹಳ ಸಂತೋಷಪಟ್ಟಿದ್ದೆ. ಹೊರಗಿನ ಚಿತ್ರ ಸರಿಯಾಗಿತ್ತು, ಬೆಲೆಯ ಚೀಟಿ ಇತ್ತು. ತೆರೆದರೆ ಒಳಗೆ ಮಾರ್ಕರ್ ಪೆನ್ನಿನಲ್ಲಿ ಬೇರೆ ಯಾವುದೋ ಕಾರ್ ಆಟದ ಹೆಸರು ಬರೆದ, ಅಡಿ ನೇರಳೆ ಬಣ್ಣದ, ಮನೆಯಲ್ಲಿ ಬರೆದ ಡಿಸ್ಕ್. ಅಸಲಿಯ ಅಡಿ ಹೀಗೆ ನೇರಳೆಯಾಗಿರುವುದಿಲ್ಲ. ಈ ಬಾರಿ ಲೆಕ್ಕ ತಿರುಗಾಮುರುಗಾ: ಕಾಗದ ಬಂತು, ಆಟ ಬರಲಿಲ್ಲ. ಹಾಗೆಯೇ ತೆಗೆದುಕೊಂಡೆ.

ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಯಂತ್ರವಾದ ಗೇಮ್‌ಬಾಯ್ ಅಡ್ವಾನ್ಸ್‌ನ ಕ್ಯಾಸೆಟ್‌ಗಳಲ್ಲಿ ದುಡ್ಡು ಕಳೆದುಕೊಳ್ಳುವುದು ಸುಲಭ, ನಕಲಿಗಳು ಅಷ್ಟು ತುಂಬಿವೆ. ಆದ್ದರಿಂದ ಪರೀಕ್ಷೆಯ ಕ್ರಮ ಹೇಳುತ್ತೇನೆ. ಪಿನ್ನುಗಳ ಕಡೆಯಿಂದ ಒಳಗೆ ಇಣುಕಿ, ಪಿನ್ನುಗಳ ಮೇಲುಗಡೆ ಬೋರ್ಡಿನ ಮೇಲೆ ನಿಂಟೆಂಡೊ ಹೆಸರು ಸಣ್ಣ ಅಕ್ಷರದಲ್ಲಿ ಅಚ್ಚಾಗಿರಬೇಕು. ಮುಂಭಾಗದ ಚೀಟಿಯನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಒತ್ತಿದ ಎರಡಂಕಿಯ ಸಂಖ್ಯೆ ಕಾಣಬೇಕು. ಹಿಂದಿನ ಸ್ಕ್ರೂ ಮೂರು ಕವಲಿನದಾಗಿರಬೇಕು. ಇದಿಷ್ಟನ್ನೂ ನಕಲು ಮಾಡುವವರು ಇದ್ದಾರೆ, ಆಗ ಬಿಚ್ಚಿ ನೋಡುವುದೊಂದೇ ದಾರಿ. ಬಿಚ್ಚಲು ಬಿಡದ ಮಾರಾಟಗಾರರಿಂದ ನಾನು ದುಬಾರಿ ಕ್ಯಾಸೆಟ್ ಕೊಳ್ಳುವುದಿಲ್ಲ.

ನನ್ನನ್ನು ಹೆಚ್ಚು ಕಾಡುವ ನಷ್ಟ ಮಾತ್ರ ಬೆಲೆಯಿಲ್ಲದ್ದು. ಪೋಕೆಮಾನ್ ಸಿಲ್ವರ್ ಕ್ಯಾಸೆಟ್ ಒಂದನ್ನು ಸಂತೆಯಲ್ಲಿ ಕೊಂಡು ಮನೆಗೆ ತಂದು ಹಾಕಿದಾಗ, ಯಾರೋ ಹುಡುಗ ಉಳಿಸಿದ್ದ ಆಟ ಇನ್ನೂ ಜೀವಂತವಾಗಿತ್ತು. ಆ ಆಟದಲ್ಲಿ ಆಡುವವನ ಹೆಸರಿಗೆ ಏಳೇ ಅಕ್ಷರದ ಜಾಗ. ಅವನ ಹೆಸರು ಉದ್ದವಾಗಿದ್ದಿರಬೇಕು, ಕೊನೆಯ ಅಕ್ಷರಗಳು ಹಿಡಿಸಿರಲಿಲ್ಲ. ತಂಡದ ಒಂದು ಪ್ರಾಣಿಗೆ ಓಣಿಯ ನಾಯಿಗೆ ಇಡುವಂಥ ಹೆಸರಿಟ್ಟಿದ್ದ. ನೂರಾರು ಗಂಟೆ ಆಡಿದ್ದ. ಇದೆಲ್ಲ ನಿಂತಿರುವುದು ಬೋರ್ಡಿಗೆ ಬೆಸೆದ ಒಂದು ಗುಂಡಿ ಬ್ಯಾಟರಿಯ ಮೇಲೆ. ಈ ಆಟಗಳಲ್ಲಿ ಅದೇ ಬ್ಯಾಟರಿ ಗಡಿಯಾರವನ್ನೂ ಓಡಿಸುವುದರಿಂದ ಹಿಂದಿನ ಪೋಕೆಮಾನ್ ಆಟಗಳಿಗಿಂತ ಬೇಗ ಬರಿದಾಗುತ್ತದೆ. ಬ್ಯಾಟರಿ ಬಿಚ್ಚಿದ ಕ್ಷಣದಲ್ಲೇ ಉಳಿಸಿದ್ದು ಅಳಿಸಿಹೋಗುವುದರಿಂದ, ಮೊದಲು ಕ್ಯಾಸೆಟ್ ಓದುವ ಸಾಧನದಿಂದ ಅದನ್ನು ಕಂಪ್ಯೂಟರಿಗೆ ಇಳಿಸಿಕೊಂಡು, ಹೊಸ ಬ್ಯಾಟರಿ ಬೆಸೆದು, ಮತ್ತೆ ಏರಿಸಬೇಕು. ಸಾಧನವನ್ನು ವಿದೇಶದಿಂದ ತರಿಸಿದೆ. ಪಾರ್ಸೆಲ್ ಸುಂಕದ ಕಾಗದಪತ್ರಗಳಲ್ಲಿ ಸಿಕ್ಕಿಕೊಂಡಿತು. ಅದು ಕೈಗೆ ಬರುವಷ್ಟರಲ್ಲಿ ಪರದೆಯ ಮೇಲೆ ‘ಹೊಸ ಆಟ’ ಎಂಬ ಆಯ್ಕೆ ಮಾತ್ರ ಉಳಿದಿತ್ತು. ಈಗ ಆ ಕ್ಯಾಸೆಟ್‌ನಲ್ಲಿ ಹೊಸ ಬ್ಯಾಟರಿ ಇದೆ. ನಾನು ಅದರಲ್ಲಿ ಆಡಿಲ್ಲ.

ಡೌನ್‌ಲೋಡ್ ಆಟಗಳಿಗೆ ತೇವ, ಗೆದ್ದಲಿನ ಭಯ ಇಲ್ಲ ಎನ್ನುವವರಿಗೆ 2023ರ ಮಾರ್ಚ್ 27 ನೆನಪಿಸುತ್ತೇನೆ. ಅಂದು ನಿಂಟೆಂಡೊದ 3ಡಿಎಸ್ ಮತ್ತು ವೀ ಯು ಯಂತ್ರಗಳ ಆನ್‌ಲೈನ್ ಅಂಗಡಿಯಲ್ಲಿ ಮಾರಾಟ ನಿಂತಿತು. ಭಾರತಕ್ಕೆಂದು ಆ ಅಂಗಡಿ ತೆರೆದೇ ಇರಲಿಲ್ಲ. ನಾವೆಲ್ಲ ಅಮೆರಿಕದ ಖಾತೆ, ಉಡುಗೊರೆ ಕಾರ್ಡ್ ಎಂದು ಸುತ್ತುದಾರಿಯಲ್ಲಿ ಕೊಳ್ಳುತ್ತಿದ್ದೆವು. ಡಿಸ್ಕೇ ಇಲ್ಲದ ಎಷ್ಟೋ ಸಣ್ಣ ಆಟಗಳು ಆ ದಿನದಿಂದ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಅದೇ ವರ್ಷ ಅಮೆರಿಕದ ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ ಒಂದು ಅಧ್ಯಯನ ಹೊರತಂದಿತು. ಅದರ ಪ್ರಕಾರ ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇ 87ರಷ್ಟು ಆಗ ಮಾರುಕಟ್ಟೆಯಲ್ಲಿ ಇರಲಿಲ್ಲ.

ಮನೆಯೊಳಗಿನ ನಷ್ಟವನ್ನೂ ಹೇಳಬೇಕು. ಆಯುಧಪೂಜೆಯ ಮುನ್ನ ಮನೆ ತೊಳೆಯುವಾಗ ನಮ್ಮ ಇಪ್ಪತ್ತೊಂಬತ್ತು ಇಂಚಿನ ಹಳೆಯ ಟಿವಿ ಗುಜರಿಯವರ ಗಾಡಿ ಹತ್ತಿತು. ಸಂಜೆ ನಾನು ಕೇಳಿದಾಗ ಅಮ್ಮ ಹೇಳಿದರು, “ಎರಡು ರೂಮಿನ ಮನೆಯಲ್ಲಿ ಅದು ಒಂದಾಳಿನ ಜಾಗ ಹಿಡಿದಿತ್ತು ಕಣೋ. ನಿನ್ನ ಗೇಮ್ ಒಂದನ್ನೂ ಮುಟ್ಟಿಲ್ಲ.” ಅವರ ಮಾತು ಸರಿ, ಆ ಭಾರವನ್ನು ಮನೆ ಬದಲಿಸುವಾಗಲೆಲ್ಲ ಮೆಟ್ಟಿಲು ಹತ್ತಿಸಿ ಇಳಿಸಿದ್ದು ಅಪ್ಪ. ಆದರೆ ‘ಡಕ್ ಹಂಟ್’ ಆಟದ ಬಂದೂಕು ಹಳೆಯ ಪಿಕ್ಚರ್ ಟ್ಯೂಬಿನ ಟಿವಿಯಲ್ಲಿ ಮಾತ್ರ ಕೆಲಸ ಮಾಡುತ್ತದೆ. ಗುಂಡಿ ಒತ್ತಿದಾಗ ಪರದೆ ಕ್ಷಣಕಾಲ ಕಪ್ಪಾಗಿ ಬಾತುಕೋಳಿಯ ಜಾಗದಲ್ಲಿ ಬಿಳಿ ಚೌಕ ಮಿಂಚುತ್ತದೆ, ಬಂದೂಕಿನ ಕಣ್ಣು ಆ ಬೆಳಕನ್ನು ಹುಡುಕುತ್ತದೆ. ಎಲ್‌ಸಿಡಿ ಪರದೆ ಆ ಮಿಂಚನ್ನು ತಡವಾಗಿ ತೋರಿಸುತ್ತದೆ, ಆದ್ದರಿಂದ ಎಷ್ಟು ಗುರಿಯಿಟ್ಟರೂ ತಾಗುವುದಿಲ್ಲ. ಈಗ ಹದಿನಾಲ್ಕು ಇಂಚಿನ ಟಿವಿ ಒಂದನ್ನು ಹುಡುಕಿ ತಂದು ಇಟ್ಟಿದ್ದೇನೆ, ಅದಕ್ಕೆ ಅಮ್ಮನ ತಕರಾರಿಲ್ಲ.

2022ರ ಸೆಪ್ಟೆಂಬರಿನ ನೆರೆಯಲ್ಲಿ ಸರ್ಜಾಪುರ ರಸ್ತೆಯ ಕಡೆ ನೆಲಮಹಡಿಯಲ್ಲಿದ್ದ ಗೆಳೆಯರೊಬ್ಬರು ನನಗಿಂತ ಹೆಚ್ಚು ಕಳೆದುಕೊಂಡರು. ಅವರ ಮನೆಯಲ್ಲಿ ಕೆಸರು ಒರೆಸಿದ ಮೇಲೆ ನನ್ನ ವ್ಯವಸ್ಥೆಯನ್ನೆಲ್ಲ ಬದಲಿಸಿದೆ. ರಟ್ಟಿನ ಪೆಟ್ಟಿಗೆಗಳ ಬದಲು ರಬ್ಬರ್ ಅಂಚಿನ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ತೇವ ಹೀರುವ ಸಿಲಿಕಾ ಜೆಲ್. ಅದು ಬಣ್ಣ ಬದಲಿಸಿದಾಗ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಒಣಗಿಸಿ ಮತ್ತೆ ಹಾಕುತ್ತೇನೆ. ಆ ಬಾಣಲೆ ಅಡುಗೆಗೆ ಬಳಸುವುದಲ್ಲ, ಕಿಟಕಿ ತೆರೆದಿರುತ್ತೇನೆ. ಪೆಟ್ಟಿಗೆ ಗೋಡೆಗೆ ತಾಗುವುದಿಲ್ಲ, ನೆಲಕ್ಕೂ ತಾಗುವುದಿಲ್ಲ. ಬ್ಯಾಟರಿ ಇರುವ ಕ್ಯಾಸೆಟ್ ಮನೆಗೆ ಬಂದ ದಿನವೇ ಅದರಲ್ಲಿ ಉಳಿಸಿದ್ದು ಕಂಪ್ಯೂಟರಿಗೆ ಇಳಿಯುತ್ತದೆ. ಮೊದಲ ಎಕ್ಸ್‌ಬಾಕ್ಸ್ ಯಂತ್ರ ಬಂದರೆ ಗಡಿಯಾರದ ಕೆಪಾಸಿಟರನ್ನು ಮೊದಲು ಕಿತ್ತುಹಾಕುತ್ತೇನೆ, ಅದು ಸೋರಿ ಬೋರ್ಡನ್ನೇ ತಿನ್ನುತ್ತದೆ.

ಕಾಗದವನ್ನೆಲ್ಲ 600 ಡಿಪಿಐನಲ್ಲಿ ಸ್ಕ್ಯಾನ್ ಮಾಡುತ್ತಿದ್ದೇನೆ: ಡಬ್ಬಿಯ ಆರೂ ಬದಿ, ಬೆಲೆಯ ಚೀಟಿ, ವಾರಂಟಿ, ಅಂಗಡಿಯ ರಸೀದಿ. ಹನುಮಂತನಗರದ ಅಟ್ಟದಲ್ಲಿ ಹೋದವುಗಳಲ್ಲಿ ಲಿಟಲ್ ಮಾಸ್ಟರ್ ಡಬ್ಬಿಯೂ ಅದರ ಕೈಪಿಡಿಯೂ ನನಗೆ ಮತ್ತೆ ಸಿಕ್ಕಿಲ್ಲ. ನಿಮ್ಮ ಮನೆಯ ಅಟ್ಟದಲ್ಲಿ ಇದ್ದರೆ ಹರಿದಿದ್ದರೂ ಗುಜರಿಗೆ ಹಾಕಬೇಡಿ. ನನಗೆ ಕೊಡಬೇಕೆಂದೂ ಇಲ್ಲ, ಮೊಹರು ಓದಲು ಬರುವಂತೆ ಒಂದು ಫೋಟೊ ತೆಗೆದಿಟ್ಟರೂ ಆಯಿತು.