ಮೂರು ಕಾಲಿನ ಬ್ಯಾಂಜೋ ಕುದುರೆ ಮನೆಯಲ್ಲೇ: ನನ್ನ ಅನುಭವ

ಕುದುರೆ ಎಂದರೆ ಬ್ಯಾಂಜೋ ವಾದ್ಯದ ತಂತಿಗಳನ್ನು ಎತ್ತಿ ಹಿಡಿಯುವ ಪುಟ್ಟ ಮರದ ತುಂಡು, ಅದೇ ಬ್ರಿಜ್. ಕೈಯಲ್ಲಿ ಉಜ್ಜಿದ ಬ್ರಿಜ್ ಒಂದರಂತೆ ಇನ್ನೊಂದು ಬರುವುದಿಲ್ಲ, ಯಂತ್ರವಿಲ್ಲದೆ ಆಗದ ಕೆಲಸ ಎಂದವರೇ ಹೆಚ್ಚು. ಆದರೆ ನಾನು ಕೊನೆಯ ಎರಡು ಸಲ ಮಾಡಿದ ಹತ್ತು ಕುದುರೆಗಳಲ್ಲಿ ಎಂಟು 2.1ರಿಂದ 2.3 ಗ್ರಾಂ ಒಳಗೆ ನಿಂತವು. ಐದು ತಂತಿ, ಮೂರು ಕಾಲು, 5/8 ಇಂಚು ಎತ್ತರ, ಅಂದರೆ ಹೆಚ್ಚುಕಡಿಮೆ 16 ಮಿ.ಮೀ. ಮೈ ಮೇಪಲ್ ಮರ, ತಂತಿ ಕೂರುವ ನೆತ್ತಿ ಕರಿಮರ (ಎಬೊನಿ). ಮುಂದಿನ ಅಳತೆಗಳೆಲ್ಲ ಇದಕ್ಕೇ ಸೇರಿದವು.

ಒಂದೊಂದೇ ಕುದುರೆ ಕೊರೆಯಲು ಕೂರಬೇಡಿ. ಮೊದಲ ಡಜನ್‌ನಲ್ಲಿ ಎಂಟು ಕಸಕ್ಕೆ ಹೋದದ್ದು ಅದರಿಂದಲೇ. 7 ಮಿ.ಮೀ. ದಪ್ಪದ ತೆಳು ಪಟ್ಟಿಗೆ ಕಾಲುಗಳ ನಡುವಿನ ಕಮಾನು ಕೊರೆಯುವಾಗ ಡ್ರಿಲ್ಲಿನ ಬಿಟ್ ಮರವನ್ನು ಕಚ್ಚುತ್ತದೆ, ನಡುಗಾಲು ಸಿಡಿದು ಹೋಗುತ್ತದೆ. ಈಗ ಮೊದಲು ದಪ್ಪ ತುಂಡಿಗೆ ಕರಿಮರ ಅಂಟಿಸಿ, ಕಮಾನು ಕೊರೆದು, ಆಮೇಲೆ ಬಿಲ್ಲೆ ಬಿಲ್ಲೆಯಾಗಿ ಸೀಳುತ್ತೇನೆ. ತುಂಡಿನ ಉದ್ದ 75, ಅಗಲ 45, ಎತ್ತರ ಸುಮಾರು 24 ಮಿ.ಮೀ. ಮರದ ಎಳೆ ಉದ್ದಕ್ಕೆ ನೇರವಾಗಿ ಓಡಿರಬೇಕು. ಓರೆ ಎಳೆಯ ಮರದಲ್ಲಿ ಹೊರಗಿನ ಕಾಲು ಉಜ್ಜುವಾಗಲೇ ಮುರಿಯುತ್ತದೆ, ಅಲ್ಲಿ ಉಳಿದರೆ ತಂತಿ ಬಿಗಿದ ಮೇಲೆ ಮುರಿಯುತ್ತದೆ.

ಅಂಟಿನ ವಿಷಯದಲ್ಲಿ ಹಣ, ಮರ ಎರಡೂ ಕಳೆದಿವೆ. ಸೂಪರ್ ಗ್ಲೂ ಬೇಗ ಹಿಡಿಯುತ್ತದೆ ನಿಜ. ಆದರೆ ಗಡುಸು, ಪಕ್ಕದಿಂದ ಒಂದು ಪೆಟ್ಟು ಬಿದ್ದರೆ ಕರಿಮರ ಕಿತ್ತು ಬರುತ್ತದೆ. ಬಡಗಿಗಳ ಬಿಳಿ ಗೋಂದು ಸಾಕು. ಕರಿಮರದ ಮೈಯಲ್ಲಿ ಎಣ್ಣೆ ಇರುವುದರಿಂದ ಅಂಟಿಸುವ ಸ್ವಲ್ಪ ಮೊದಲು ಅಸಿಟೋನ್‌ನಲ್ಲಿ ಒರೆಸಬೇಕು. ಹಿಂದಿನ ರಾತ್ರಿ ಒರೆಸಿಟ್ಟರೆ ಎಣ್ಣೆ ಮತ್ತೆ ಮೇಲೆ ಬಂದಿರುತ್ತದೆ. ಕ್ಲ್ಯಾಂಪನ್ನು ಬಲ ಹಾಕಿ ತಿರುಗಿಸಿದರೆ ಗೋಂದೆಲ್ಲ ಹೊರಗೆ ಬಂದು ಸಂದು ಒಣಗುತ್ತದೆ. ಅಂಚಿನಲ್ಲಿ ಸಣ್ಣ ಮಣಿಗಳಂತೆ ಕಂಡರೆ ನಿಲ್ಲಿಸಿ.

ಕಮಾನಿಗೆ 20 ಮಿ.ಮೀ. ಫಾರ್ಸ್ಟ್‌ನರ್ ಬಿಟ್, ಅಂದರೆ ಅಗಲ ತೂತನ್ನು ನಯವಾಗಿ ಕೊರೆಯುವ ಬಿಟ್. ಕಾಲಿನ ಅಡಿಗೆರೆಯನ್ನು ಮೊದಲೇ ಎಳೆದು, ತೂತಿನ ನಡುವನ್ನು ಆ ಗೆರೆಯ ಮೇಲೇ ಇಟ್ಟು, ಪೂರ್ತಿ ದುಂಡಗೆ ಕೊರೆದು, ಆಮೇಲೆ ಅಡಿಯ ಹೆಚ್ಚಿನ ಮರವನ್ನು ಗರಗಸದಲ್ಲಿ ತೆಗೆಯಬೇಕು. ಕಾಲು ಮುಗಿದ ಮೇಲೆ ಕಮಾನು ಕೊರೆದರೆ ಬಿಟ್‌ಗೆ ಹಿಡಿತ ಸಿಗದೆ ಓಡುತ್ತದೆ. 45 ಮಿ.ಮೀ. ಆಳಕ್ಕೆ ಒಂದೇ ಉಸಿರಿಗೆ ಒತ್ತಿದರೆ ಹೊಟ್ಟು ತುಂಬಿ ಮರ ಕರಕಲಾಗುತ್ತದೆ. ಐದಾರು ಮಿ.ಮೀ. ಇಳಿಸಿ, ಎತ್ತಿ, ಹೊಟ್ಟು ಊದಿ, ಮತ್ತೆ ಇಳಿಸಿ. ಕೆಳಗೆ ಹಲಗೆಯೊಂದು ಇರಲಿ, ಇಲ್ಲದಿದ್ದರೆ ಕೊನೆಯ ಬಿಲ್ಲೆ ಚಿಂದಿ. ಎರಡು ಬದಿಯಿಂದ ಅರ್ಧರ್ಧ ಕೊರೆದೂ ನೋಡಿದ್ದೇನೆ. ನಡುವೆ ಮೆಟ್ಟಿಲು ಬಿತ್ತು. ಆಮೇಲೆ 7.5 ಮಿ.ಮೀ. ದಪ್ಪಕ್ಕೆ ಸೀಳಿದರೆ ಒಂದು ತುಂಡಿಗೆ ಐದು ಬಿಲ್ಲೆ.

ಬಿಲ್ಲೆಗಳನ್ನು ಗಟ್ಟಿ ಕಲ್ಲಿನ ಮೇಲೆ ಬೆರಳುದ್ದದಿಂದ ಬೀಳಿಸಿ ಕೇಳಿ. ಟಣ್ ಎಂದದ್ದು ಒಂದು ಕಡೆ, ಟಪ್ ಎಂದದ್ದು ಇನ್ನೊಂದು ಕಡೆ. ಟಪ್ ಎಂದದ್ದನ್ನು ಎಷ್ಟು ಉಜ್ಜಿದರೂ ನಾದ ಬರುವುದಿಲ್ಲ.

ಉಜ್ಜುವುದೇ ನಿಜವಾದ ಕೆಲಸ. ಗಾಜಿನ ಹಲಗೆಯ ಮೇಲೆ 80ರ ಸ್ಯಾಂಡ್‌ಪೇಪರ್, ಆಮೇಲೆ 150, ಕೊನೆಗೆ 240. ಟೇಲ್‌ಪೀಸ್ (ತಂತಿಗಳ ಬುಡ ಕಟ್ಟುವ ಭಾಗ) ಕಡೆಯ ಮುಖ ನೇರ, ಚಪ್ಪಟೆ. ಇಳಿಜಾರೆಲ್ಲ ನೆಕ್ (ಬೆರಳೊತ್ತುವ ಉದ್ದ ಕೋಲು) ಕಡೆಯ ಮುಖಕ್ಕೆ. ಅಡಿಯಲ್ಲಿ ಸುಮಾರು 6.5, ನೆತ್ತಿಯಲ್ಲಿ 2 ಮಿ.ಮೀ. ನೆತ್ತಿಯನ್ನು 1.5ಕ್ಕೆ ಇಳಿಸಿದಾಗ ದನಿ ಚುಚ್ಚುವಷ್ಟು ತೀಕ್ಷ್ಣವಾಯಿತು, ತಂತಿ ಕೂರುವ ಕಚ್ಚು ಹಾಕುವಾಗ ಕರಿಮರ ಚಕ್ಕೆ ಎದ್ದಿತು. ಬೆರಳಿನ ಒತ್ತಡ ಒಂದೇ ಸಮ ಇರುವುದಿಲ್ಲ, ಆದ್ದರಿಂದ ಹತ್ತು ಸಲ ಉಜ್ಜಿದ ಮೇಲೆ ಬಿಲ್ಲೆಯನ್ನು ತುದಿ ಅದಲುಬದಲು ಮಾಡಬೇಕು. ಮಾಡದಿದ್ದರೆ ಒಂದು ಕೊನೆ ತೆಳುವಾಗಿ ಆ ಬದಿಯ ತಂತಿಗಳು ಮಾತ್ರ ಕೂಗುತ್ತವೆ.

ತೂಕ ಹೆಚ್ಚಿದ್ದರೆ ಎಲ್ಲಿಂದ ತೆಗೆಯಬೇಕು ಎಂಬುದರಲ್ಲಿ ನಾನು ಬಹಳ ದಿನ ತಪ್ಪಿದೆ. ಕಮಾನನ್ನು ಮೇಲಕ್ಕೆ ಕೊರೆದರೆ ತೂಕ ಬೇಗ ಇಳಿಯುತ್ತದೆ. ಆದರೆ ಕಮಾನಿನ ಮೇಲಿನ ತೊಲೆ, ಕರಿಮರವೂ ಸೇರಿ, 5 ಮಿ.ಮೀ.ಗಿಂತ ಕಡಿಮೆಯಾದರೆ ವಾರದಲ್ಲಿ ನಡು ಕುಸಿಯುತ್ತದೆ. ನೆತ್ತಿಯ ಮೇಲೆ ಉಕ್ಕಿನ ಅಳತೆಪಟ್ಟಿ ನಿಲ್ಲಿಸಿದರೆ ಬೆಳಕು ಹಾಯುವುದು ಕಾಣುತ್ತದೆ. ತೊಲೆಯನ್ನು ಮುಟ್ಟಬೇಡಿ. ಹೊರಗಾಲುಗಳ ತುದಿಯ ಓರೆ, ಆಮೇಲೆ ಮುಂದಿನ ಮುಖದ ಕೆಳಭಾಗ, ಈ ಎರಡರಿಂದಲೇ 0.3 ಗ್ರಾಂ ಸಿಗುತ್ತದೆ. 1.9ಕ್ಕೆ ಇಳಿದದ್ದು ಚುರುಕು, ಜೋರು, ಆದರೆ ದನಿ ಬೇಗ ಆರುತ್ತದೆ. 2.5 ದಾಟಿದ್ದು ಮೆತ್ತಗೆ, ಉದ್ದಕ್ಕೆ ನಿಲ್ಲುತ್ತದೆ. ನನ್ನ ಕಿವಿಗೆ 2.2.

ಖರ್ಚಿನ ಮಾತು. ಒಂದು ಒಳ್ಳೆಯ ಸಿದ್ಧ ಕುದುರೆಯ ಹಣಕ್ಕೆ ಇಪ್ಪತ್ತು ಕುದುರೆಗಾಗುವಷ್ಟು ಮರ ಬರುತ್ತದೆ. ಹಣ ತಿನ್ನುವುದು ಉಪಕರಣ: 0.01 ಗ್ರಾಂ ತೋರಿಸುವ ತಕ್ಕಡಿ, ಬಿಟ್, ಸಣ್ಣ ಅರಗಳು. ಕಸಕ್ಕೆ ಹೋದದ್ದನ್ನೂ ಸೇರಿಸಿದರೆ ಹದಿನೈದನೆಯ ಕುದುರೆಯ ಹೊತ್ತಿಗೆ ಹಾಕಿದ ಹಣ ಗಿಟ್ಟಿತು. ನಟ್ ಅರಗಳ (ತಂತಿಯ ಕಚ್ಚು ಕೊರೆಯಲೆಂದೇ ಮಾಡಿದ ಅರಗಳು) ಪೂರ್ತಿ ಸೆಟ್ ಕೊಂಡದ್ದು ದಂಡ, ವೆಲ್ಡಿಂಗ್ ಟಾರ್ಚಿನ ಮೂತಿ ತಿಕ್ಕುವ ಸಣ್ಣ ಕಡ್ಡಿ ಅರಗಳಲ್ಲೇ ಕಚ್ಚು ಚೆನ್ನಾಗಿ ಬೀಳುತ್ತದೆ.

ನಡುವೆ ಬಿದಿರನ್ನೂ ಪ್ರಯತ್ನಿಸಿದೆ. ದಪ್ಪ ಗೋಡೆಯ ಒಣ ಬಿದಿರು, ಹೊರಸಿಪ್ಪೆ ಮೇಲೆ. ತೂಕ 1.5ರ ಸುತ್ತ, ದನಿ ಬೆಚ್ಚಗೆ. ಹಳೆಯ ಶೈಲಿಯ ನುಡಿಸಾಣಿಕೆಗೆ ಬಹಳ ಹಿತ. ಮೇಪಲನ್ನು ಓವನ್‌ನಲ್ಲಿ 190 ಡಿಗ್ರಿಯಲ್ಲಿ ಮೂರು ಗಂಟೆ ಸುಟ್ಟೂ ನೋಡಿದೆ. ತೂಕ ಹತ್ತರಲ್ಲಿ ಒಂದು ಪಾಲು ಇಳಿಯಿತು, ಟಣ್ ಎನ್ನುವುದು ಹೆಚ್ಚಿತು, ಜೊತೆಗೆ ಮರ ಗರಿಗರಿಯಾಗಿ ನಾಲ್ಕರಲ್ಲಿ ಎರಡಕ್ಕೆ ಕಾಲು ಸೀಳಿತು. ಸುಟ್ಟ ಮರವನ್ನು ಎರಡು ದಿನ ಗಾಳಿಗಿಟ್ಟು ತೂಗಿ, ತೇವ ಸ್ವಲ್ಪ ಮರಳಿ ಬರುತ್ತದೆ.

ಕಚ್ಚುಗಳು ಕೊನೆಗೆ. ಮೊದಲ ತಂತಿಯಿಂದ ಐದನೆಯದಕ್ಕೆ ಸುಮಾರು 43 ಮಿ.ಮೀ., ನಡುವಿನ ಅಂತರ 10.7. ಆಳ ತಂತಿಯ ಅರ್ಧ ದಪ್ಪ ಸಾಕು: ಮೊದಲನೆಯದು, ಐದನೆಯದು 0.25 ಮಿ.ಮೀ. ತಂತಿಯಾದರೆ ಬರೀ ಗೀರು. ಅರವನ್ನು ಟೇಲ್‌ಪೀಸ್ ಕಡೆಗೆ ಇಳಿಜಾರಾಗಿ ಹಿಡಿಯಬೇಕು, ತಂತಿ ನೆಕ್ ಕಡೆಯ ಅಂಚಿನಲ್ಲೇ ಕುಳಿತುಕೊಳ್ಳಬೇಕು. ಸಮತಟ್ಟಾಗಿ ಕೊರೆದರೆ ತಂತಿ ಜೀರುಗುಟ್ಟುತ್ತದೆ, ನೆಕ್ ಮೇಲಿನ 12ನೆಯ ಅಡ್ಡಪಟ್ಟಿ, ಅಂದರೆ ಫ್ರೆಟ್‌ನ ಶ್ರುತಿ ದಿನಕ್ಕೊಂದು. ಕಚ್ಚು ಇಕ್ಕಟ್ಟಾದರೆ ಶ್ರುತಿ ಮಾಡುವಾಗ ಟಿಂಗ್ ಎಂದು ಜಿಗಿಯುತ್ತದೆ, ಅಲ್ಲಿ ಪೆನ್ಸಿಲ್ ಸೀಸ ಉಜ್ಜಿದರೆ ತಾತ್ಕಾಲಿಕ ಪರಿಹಾರ, ಅರ ಮತ್ತೊಮ್ಮೆ ಎಳೆದರೆ ಖಾಯಂ. ಮೂರನೆಯ ತಂತಿಯ ಶ್ರುತಿ ಮೇಲಿನ ಫ್ರೆಟ್‌ಗಳಲ್ಲಿ ಏರುತ್ತದಲ್ಲ, ಅದಕ್ಕೆ ಆ ಕಚ್ಚಿನ ಮುಂದಂಚನ್ನು ಒಂದೂವರೆ ಮಿ.ಮೀ. ಹಿಂದಕ್ಕೆ ಕೆತ್ತುತ್ತೇನೆ. ಇದನ್ನು ಮಾಡುವುದಾದರೆ ನೆತ್ತಿಯನ್ನು ಮೊದಲೇ 3 ಮಿ.ಮೀ. ದಪ್ಪ ಉಳಿಸಿಕೊಂಡಿರಬೇಕು, 2ಕ್ಕೆ ಇಳಿಸಿದ ಮೇಲೆ ಅಲ್ಲಿ ಕೆತ್ತಲು ಮರವೇ ಇರುವುದಿಲ್ಲ.