ಅಡಿಕೆ ಸುಲಿಯುವ ಅಂಗಳದಲ್ಲಿ ಸುವಾರ್ತೆ: ನನ್ನ ಅನುಭವ

ತೀರ್ಥಹಳ್ಳಿ, ಸಾಗರದ ಕಡೆಯ ಹಳ್ಳಿಗಳಲ್ಲಿ ಯಾರ ಮನೆಯವರು ಯಾವ ದೇವರಿಗೆ ನಡೆದುಕೊಳ್ಳುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿರುತ್ತದೆ. ನಾವು ಕ್ರೈಸ್ತರೆಂದು ಯಾರಿಗೂ ಸಾರಿ ಹೇಳಬೇಕಾಗಿಲ್ಲ. ಯೇಸುಸ್ವಾಮಿಯ ಮಾತು ನಮ್ಮ ವ್ಯವಹಾರದಲ್ಲಿ ಎಷ್ಟು ಇಳಿದಿದೆ ಎಂದು ಅವರು ನೋಡುತ್ತಿರುತ್ತಾರೆ.

ಮೊದಲ ಪರೀಕ್ಷೆ ಭಾನುವಾರದ್ದು. ಕೊಯ್ಲಿನ ಕಾಲದಲ್ಲಿ ಹಸಿ ಅಡಿಕೆ ಯಾರಿಗೂ ಕಾಯುವುದಿಲ್ಲ. ಅದಕ್ಕೆ, ಮರ ಹತ್ತಿ ಕೊನೆ (ಅಡಿಕೆ ಗೊನೆ) ಇಳಿಸುವ ಕೊನೆಗೌಡನಿಗೆ ಕೊಯ್ಲು ಶುರುವಾಗುವ ಮೊದಲೇ ಹೇಳಿಡುತ್ತೇನೆ: ಶುಕ್ರವಾರ, ಶನಿವಾರ ಕೊನೆ ಇಳಿಸುವುದು ಬೇಡ. ಗುರುವಾರ ಇಳಿಸಿದ್ದನ್ನು ಶುಕ್ರವಾರ ಸುಲಿದು ಶನಿವಾರ ಬೇಯಿಸಿ ಹರವಿದರೆ ಭಾನುವಾರ ಆರಾಧನೆಗೆ ಹೊತ್ತು ಸಿಗುತ್ತದೆ. ಇಷ್ಟು ಯೋಚಿಸದೆ, ಹಂಡೆಯ ಮುಂದೆ ಜನ ಬಂದು ಕೂತ ಮೇಲೆ ‘ಇವತ್ತು ಚರ್ಚಿಗೆ ಹೋಗಬೇಕು’ ಎಂದರೆ, ಅವರ ಪಾಲಿಗೆ ನಮ್ಮ ದೇವರು ಕೂಲಿ ಕಳೆಯುವ ದೇವರಾಗುತ್ತಾನೆ. ವ್ಯಾಪಾರದಲ್ಲೂ ಹಾಗೆಯೇ: ಒಳ್ಳೆ ದರ್ಜೆಯ ರಾಶಿ ಅಡಿಕೆಯ ಚೀಲಕ್ಕೆ ಕಡಿಮೆ ದರ್ಜೆಯ ಗೊರಬಲು ಬೆರೆಸುವ ಕೈ ಸುವಾರ್ತೆ ಹೇಳಿದರೂ ಯಾರೂ ಕೇಳುವುದಿಲ್ಲ.

ಎಲ್ಲಕ್ಕಿಂತ ಕಟ್ಟುನಿಟ್ಟಾಗಿ ಪಾಲಿಸಬೇಕಾದ ಕ್ರಮ ಒಂದಿದೆ: ಕೊಡುವ ಹೊತ್ತು ಬೇರೆ, ಹೇಳುವ ಹೊತ್ತು ಬೇರೆ. ಬಟವಾಡೆಯ ದಿನ, ಮುಂಗಡ ಕೊಡುವಾಗ, ಆಸ್ಪತ್ರೆ ಖರ್ಚಿಗೆ ಸಹಾಯ ಮಾಡುವಾಗ ನಂಬಿಕೆಯ ಮಾತನ್ನೇ ಎತ್ತಬಾರದು. ನಮ್ಮ ಕೈಯಿಂದ ಕೂಲಿ ಪಡೆಯುವವರು ಬೇಡವೆನ್ನಲಾರದೆ ತಲೆಯಾಡಿಸುತ್ತಾರೆ. ಆ ತಲೆಯಾಡಿಕೆಯನ್ನು ಆಸಕ್ತಿ ಎಂದುಕೊಳ್ಳುವುದು ದೊಡ್ಡ ತಪ್ಪು. ಸಂವಿಧಾನದ 25ನೇ ವಿಧಿ ಧರ್ಮವನ್ನು ಪಾಲಿಸುವ, ಪ್ರಚಾರ ಮಾಡುವ ಹಕ್ಕು ಕೊಟ್ಟಿದೆ. ಆದರೆ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಅದರಲ್ಲಿ ಸೇರಿಲ್ಲ ಎಂದು ಸುಪ್ರೀಂ ಕೋರ್ಟ್ 1977ರ ಸ್ಟ್ಯಾನಿಸ್ಲಾಸ್ ಪ್ರಕರಣದಲ್ಲಿ ಹೇಳಿದೆ. ಕಾನೂನು ಇಲ್ಲದಿದ್ದರೂ ನಾನು ಹೀಗೇ ಮಾಡುತ್ತಿದ್ದೆ; ಉಚಿತವಾಗಿ ಪಡೆದದ್ದನ್ನು ಉಚಿತವಾಗಿ ಕೊಡಿ ಎಂದು ಬೈಬಲಿನ ಮತ್ತಾಯ 10:8ರಲ್ಲಿ ಸ್ವಾಮಿಯೇ ಹೇಳಿದ್ದಾನೆ.

ಹಾಗಾದರೆ ಹೇಳುವುದು ಯಾವಾಗ? ಕೇಳಿದಾಗ. ರಾತ್ರಿ ಅಡಿಕೆ ಸುಲಿಯುತ್ತ ಕೂತಾಗ ಕಥೆಗಳು ತಾವಾಗಿ ಬರುತ್ತವೆ. ‘ನಿಮ್ಮ ಪುಸ್ತಕದಲ್ಲಿ ಏನಿದೆ?’ ಎಂದು ಯಾರಾದರೂ ಕೇಳಿದರೆ ನಾನು ಆರಿಸುವುದು ಮತ್ತಾಯ 20ನೇ ಅಧ್ಯಾಯದ ದ್ರಾಕ್ಷಿ ತೋಟದ ಕೂಲಿಗಳ ಕಥೆ. ಬೆಳಗ್ಗೆ ಬಂದವನಿಗೂ ಸಂಜೆ ಐದಕ್ಕೆ ಬಂದವನಿಗೂ ಒಂದೇ ಕೂಲಿ. ಹೇಳಲು ಮೂರು ನಿಮಿಷ ಸಾಕು. ಸುಲಿದ ಅಳತೆಯ ಮೇಲೆ ದುಡ್ಡು ಎಣಿಸುವವರಿಗೆ ತಕ್ಷಣ ಸಿಟ್ಟು ಬರುತ್ತದೆ: ‘ಇದೆಂಥ ನ್ಯಾಯ ಮಾರಾಯ್ರೇ!’ ಅಲ್ಲಿಗೆ ನಿಲ್ಲಿಸಬೇಕು. ಅರ್ಥ ಬಿಡಿಸಲು ಹೊರಟರೆ ಕಥೆ ಸಾಯುತ್ತದೆ. ಮರುದಿನ ಅವರೇ ಮತ್ತೆ ಎತ್ತಿದರೆ ಮುಂದುವರಿಸಬಹುದು.

ಪದಗಳ ಬಗ್ಗೆಯೂ ಎಚ್ಚರ ಬೇಕು. ‘ಪಾಪ’ ಎಂದರೆ ಕೇಳುವವರು ಪಾಪ-ಪುಣ್ಯದ ಲೆಕ್ಕ ಎಂದುಕೊಳ್ಳುತ್ತಾರೆ, ‘ರಕ್ಷಣೆ’ ಎಂದರೆ ಆಪತ್ತಿನಿಂದ ಕಾಪಾಡುವುದು ಎಂದು. ಸಾಲದ ಮಾತಾದರೆ ಯಾರಿಗೂ ವಿವರಣೆ ಬೇಡ. ಮತ್ತಾಯ 18ರ ಕಥೆಯಲ್ಲಿ ಒಬ್ಬ ಆಳು ತನ್ನ ಒಡೆಯನಿಗೆ ಕೊಡಬೇಕಾದ ಸಾಲ 10,000 ತಲಾಂತು (ಆ ಕಾಲದ ಹಣದ ಲೆಕ್ಕ). ಒಂದು ತಲಾಂತಿಗೆ ಸುಮಾರು 6,000 ದಿನದ ಕೂಲಿ, ಅಂದರೆ ಒಟ್ಟು ಆರು ಕೋಟಿ ದಿನದ ದುಡಿಮೆ. ಅದೆಲ್ಲ ಮನ್ನಾ ಆದ ಮೇಲೆ ಅವನು ಜೊತೆಯವನ ಕುತ್ತಿಗೆ ಹಿಡಿದದ್ದು 100 ದಿನದ ಕೂಲಿಗೆ. ಅಂಕಿಯನ್ನು ದಿನಗೂಲಿಗೆ ಇಳಿಸಿ ಹೇಳಿದರೆ ಕ್ಷಮೆ ಎಂದರೇನೆಂದು ಬೇರೆ ಹೇಳಬೇಕಾಗಿಲ್ಲ.

ನೆರೆಮನೆಯ ಪೂಜೆಯಲ್ಲಿ ಕೊಡುವ ಪ್ರಸಾದದ ವಿಷಯ ನಾಜೂಕಾದದ್ದು. ನಮ್ಮಲ್ಲೇ ಒಬ್ಬೊಬ್ಬರದು ಒಂದೊಂದು ಕ್ರಮ. ವಿಗ್ರಹಕ್ಕೆ ಅರ್ಪಿಸಿದ ಆಹಾರದ ಬಗ್ಗೆ ಹೇಳುವ ಬೈಬಲಿನ 1 ಕೊರಿಂಥ 10ನೇ ಅಧ್ಯಾಯವನ್ನು ಮೊದಲೇ ಓದಿ ನಿರ್ಧರಿಸಿಕೊಳ್ಳಿ. ನಾನು ತೆಗೆದುಕೊಳ್ಳುವುದಿಲ್ಲ, ಅದನ್ನು ಮನೆಯ ಯಜಮಾನರಿಗೆ ಹಿಂದಿನ ದಿನವೇ ಹೋಗಿ ಹೇಳುತ್ತೇನೆ, ಪಂಕ್ತಿಯಲ್ಲಿ ಎಲ್ಲರೆದುರು ಅಲ್ಲ. ಚಪ್ಪರ ಹಾಕಲು, ನೀರು ಹೊರಲು ಮಾತ್ರ ಎಲ್ಲರಿಗಿಂತ ಮೊದಲು ಹೋಗುತ್ತೇನೆ. ಕೈಯೊಡ್ಡಿ ತೆಗೆದುಕೊಂಡು ಹಿತ್ತಲಲ್ಲಿ ಎಸೆಯುವುದಕ್ಕಿಂತ ಕೆಟ್ಟದ್ದು ಇನ್ನೊಂದಿಲ್ಲ.

ಕಾಯಿಲೆಯವರ ಮನೆಯಲ್ಲಿ ‘ಪ್ರಾರ್ಥನೆ ಮಾಡಲೇ?’ ಎಂದು ಮನೆಯವರನ್ನು ಕೇಳಿಯೇ ಮಾಡಬೇಕು. ಒಂದು ನಿಮಿಷ, ಮೆಲುದನಿಯಲ್ಲಿ, ತಲೆ ಮುಟ್ಟದೆ. ಗುಣವಾಗುತ್ತದೆಂದು ಮಾತು ಕೊಡಬಾರದು, ಮಾತ್ರೆ ನಿಲ್ಲಿಸಿ ಎನ್ನಲೇಬಾರದು. ಕಾಡಿನ ಉಣ್ಣೆ ಕಚ್ಚಿ ಬರುವ ಜ್ವರವಾದ ಮಂಗನ ಕಾಯಿಲೆ 1957ರಲ್ಲಿ ಮೊದಲು ಗೊತ್ತಾದದ್ದು ನಮ್ಮ ಕಡೆಯದೇ ಆದ ಸೊರಬದ ಕ್ಯಾಸನೂರು ಕಾಡಿನಲ್ಲಿ. ಬೇಸಿಗೆಯಲ್ಲಿ ಕಾಡಿಗೆ ಹೋಗಿಬಂದವರಿಗೆ ಜ್ವರ ಬಂದರೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿ. ಪ್ರಾರ್ಥನೆಯನ್ನು ದಾರಿಯಲ್ಲೂ ಮಾಡಬಹುದು.

ಪುಸ್ತಕ ಬೇಕೆಂದು ಕೇಳಿದವರಿಗೆ ಇಡೀ ಬೈಬಲ್ ಕೊಡುವುದಿಲ್ಲ, ಮಾರ್ಕನ ಸುವಾರ್ತೆ ಮಾತ್ರ: 16 ಅಧ್ಯಾಯ, ದಿನಕ್ಕೊಂದು. ‘ಮಾಡುವದಕ್ಕೆ’, ‘ಸಿದ್ಧವಾಗಿರ್ರಿ’ ಎನ್ನುವ ಹಳೆಯ ಅನುವಾದ ನಮಗೆ ಬಾಯಿಪಾಠವಾದರೂ ಹೊಸಬರಿಗೆ ಎಡವುತ್ತದೆ. ಈಗಿನ ಆಡುಗನ್ನಡದ ಅನುವಾದ ಕೊಡಿ. ಓದಿದಿರಾ ಎಂದು ಬೆನ್ನು ಹತ್ತಬೇಡಿ. ಅವರು ಕರೆದರೆ ಅವರ ಜಗಲಿಯಲ್ಲಿ, ಅವರಿಗೆ ಬಿಡುವಿದ್ದ ಹೊತ್ತಿನಲ್ಲಿ, ಮನೆಮಂದಿಯೆಲ್ಲ ಇರುವಾಗ ಕೂತು ಓದಿ.